ಬ್ರೂಟಸ್ ತೀರಿಸದ ಋಣ

ಷೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’ ನಾಟಕದ ಎರಡನೆಯ ಅಂಕ ತೆರೆದುಕೊಳ್ಳುವುದು ಬ್ರೂಟಸನ ಮನೆಯ ತೋಟದಲ್ಲಿ, ಬೆಳಕು ಹರಿಯಲು ಇನ್ನೂ ಹೊತ್ತಿರುವಾಗ. ನಿದ್ದೆ ಹತ್ತದೆ ಎದ್ದು ಬಂದ ಬ್ರೂಟಸ್ ಆಳುಹುಡುಗ ಲೂಸಿಯಸನನ್ನು ಎಬ್ಬಿಸಿ ದೀಪ ಹಚ್ಚಲು ಕಳಿಸುತ್ತಾನೆ. ಹುಡುಗ ಅತ್ತ ಹೋದೊಡನೆ ಅವನ ಬಾಯಿಂದ ಹೊರಡುವ ಮಾತು, ಸೀಸರ್ ಸಾಯದೆ ಇದು ಬಗೆಹರಿಯುವುದಿಲ್ಲ ಎಂಬುದು. ತೀರ್ಪು ಮೊದಲು ಬಂತು, ವಿಚಾರಣೆ ಆಮೇಲೆ ನಡೆಯುತ್ತದೆ. ಆ ವಿಚಾರಣೆಯಲ್ಲಾದರೂ ಆರೋಪಿಯ ವಿರುದ್ಧ ಸಿಗುವುದೇನು? ಅವನ ಮೇಲೆ ತನಗೆ ಸ್ವಂತದ ಹಗೆಯೇನೂ ಇಲ್ಲವೆಂದು ಬ್ರೂಟಸ್ ತಾನೇ ಹೇಳಿಕೊಳ್ಳುತ್ತಾನೆ; ಸೀಸರನ ವಿವೇಕವನ್ನು ಅವನ ಮನೋವಿಕಾರಗಳು ಮೀರಿದ್ದನ್ನು ತಾನು ಕಂಡಿಲ್ಲವೆಂದೂ ಒಪ್ಪುತ್ತಾನೆ. ಕಿರೀಟ ತಲೆಗೇರಿದರೆ ಅವನು ಬದಲಾಗಬಹುದು, ಆದ್ದರಿಂದ ಅವನನ್ನು ಹಾವಿನ ಮೊಟ್ಟೆಯೆಂದು ಬಗೆದು, ಮರಿ ಹೊರಬರುವ ಮುನ್ನವೇ ಹೊಸಕಿಬಿಡಬೇಕು. ವಾದವೆಲ್ಲ ಇಷ್ಟೇ.

ಈ ಸ್ವಗತವನ್ನು ನಾನು ಮೊದಲು ಓದಿದ್ದು ಶಿವಮೊಗ್ಗದಲ್ಲಿ ಪದವಿ ತರಗತಿಯಲ್ಲಿದ್ದಾಗ. ಮಿತ್ರಪ್ರೇಮ ಮತ್ತು ದೇಶಪ್ರೇಮಗಳ ನಡುವೆ ಸೀಳಿಹೋದ ಆದರ್ಶವಾದಿ, ಆದ್ದರಿಂದ ದುರಂತ ನಾಯಕ ಎಂದು ನಮಗೆ ಪಾಠವಾಗಿತ್ತು. ಪರೀಕ್ಷೆಯಲ್ಲಿ ಎಲ್ಲರೂ ಅದನ್ನೇ ಬರೆದೆವು. ಆ ಮಾತು ತಪ್ಪಲ್ಲ. ಆದರೆ ಮಳೆಗಾಲವೆಲ್ಲ ತಾಳಮದ್ದಳೆ, ಅಂದರೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನ, ಕೇಳಿ ಬೆಳೆದ ಮಲೆನಾಡಿನವನಿಗೆ ಅದು ಸಾಲದು. ಸೀಳಿಹೋಗಬೇಕಾದರೆ ಎರಡೂ ಕಡೆಯ ಎಳೆತ ಮೈಗೆ ತಟ್ಟಬೇಕು. ಬ್ರೂಟಸ್ ಒಂದು ಕಡೆಯ ಎಳೆತವನ್ನು ವಾದದಿಂದ ಗೆದ್ದೆನೆಂದುಕೊಂಡ; ಗೆದ್ದ ಮೇಲೆ ಆ ಕಡೆಗೆ ತಾನು ಸಲ್ಲಿಸಬೇಕಾದ್ದು ಏನೂ ಉಳಿದಿಲ್ಲ ಎಂಬಂತೆ ನಡೆದುಕೊಂಡ. ಅವನನ್ನು ಬೀಳಿಸಿದ ಒಂದೊಂದು ತಪ್ಪೂ ಅಲ್ಲಿಂದಲೇ ಹುಟ್ಟಿತೆಂದು ನನಗೆ ತೋರುತ್ತದೆ.

ರೋಮಿನ ಚರಿತ್ರೆಯಲ್ಲಿ ಈ ನಿಷ್ಠೆಗಳ ಸಿಕ್ಕು ನಾಟಕದಲ್ಲಿರುವುದಕ್ಕಿಂತ ಬಿಗಿಯಾಗಿದೆ. ಬ್ರೂಟಸನ ತಂದೆಯನ್ನು ಕೊಲ್ಲಿಸಿದವನು ಪಾಂಪೆ. ಆದರೂ ಕ್ರಿ.ಪೂ. 49ರಲ್ಲಿ ಸೀಸರನಿಗೂ ಪಾಂಪೆಗೂ ಅಂತರ್ಯುದ್ಧ ಹತ್ತಿದಾಗ, ಗಣರಾಜ್ಯ ಇರುವುದು ಆ ಕಡೆ ಎಂದು ನಂಬಿದ ಬ್ರೂಟಸ್ ತಂದೆಯನ್ನು ಕೊಂದವನ ಪಾಳಯವನ್ನೇ ಸೇರಿದ. ಮರುವರ್ಷ ಫಾರ್ಸಾಲಸ್ ರಣರಂಗದಲ್ಲಿ ಪಾಂಪೆ ಸೋತುಹೋದ. ಸೀಸರ್ ಬ್ರೂಟಸನನ್ನು ಕ್ಷಮಿಸಿದ, ಆಲ್ಪ್ಸ್ ಪರ್ವತದ ಈಚೆಗಿನ ಗಾಲ್ ಪ್ರಾಂತದ ಆಡಳಿತವನ್ನು ವಹಿಸಿಕೊಟ್ಟ, ಕ್ರಿ.ಪೂ. 44ಕ್ಕೆ ಪ್ರೇಟರ್ ಎಂಬ ಉನ್ನತ ನ್ಯಾಯಾಧಿಕಾರದ ಹುದ್ದೆಯನ್ನೂ ಕೊಡಿಸಿದ. ಅದೇ ವರ್ಷದ ಮಾರ್ಚ್ 15ರಂದು ಅವನನ್ನು ಇರಿದವರಲ್ಲಿ ಬ್ರೂಟಸನೂ ಒಬ್ಬ. ಹೆಂಡತಿ ಪೋರ್ಷಿಯಾ, ಸೀಸರನಿಗೆ ಶರಣಾಗುವುದಕ್ಕಿಂತ ಸಾವೇ ಮೇಲೆಂದು ಯುಟಿಕಾದಲ್ಲಿ ಪ್ರಾಣ ಬಿಟ್ಟ ಕೇಟೋನ ಮಗಳು. ಬದುಕಿಸಿದವನ ಉಪಕಾರ ಒಂದು ಕಡೆ, ಮಾವನ ಸಾವು ಇನ್ನೊಂದು ಕಡೆ. ಷೇಕ್ಸ್‌ಪಿಯರ್ ಇದನ್ನೆಲ್ಲ ಪ್ಲೂಟಾರ್ಕನ ಜೀವನಚರಿತ್ರೆಗಳಲ್ಲಿ, 1579ರಲ್ಲಿ ಥಾಮಸ್ ನಾರ್ತ್ ಇಂಗ್ಲಿಷಿಗೆ ತಂದ ರೂಪದಲ್ಲಿ ಓದಿದ್ದ. ಓದಿಯೂ ಕ್ಷಮೆಯ ಕಥೆಯನ್ನು ಕೈಬಿಟ್ಟು, ಬ್ರೂಟಸನ ಎದೆಯೊಳಗೆ ಎರಡೇ ಹೆಸರುಗಳನ್ನು ಉಳಿಸಿದ: ಸೀಸರ್ ಮತ್ತು ರೋಮ್.

ಲಂಡನ್ನಿಗೆ ಬಂದಿದ್ದ ಸ್ವಿಸ್ ಪ್ರವಾಸಿ ಥಾಮಸ್ ಪ್ಲಾಟರ್ ಸೀಸರನ ಕುರಿತ ನಾಟಕವೊಂದನ್ನು 1599ರ ಸೆಪ್ಟೆಂಬರ್ 21ರಂದು ನೋಡಿದ್ದನ್ನು ಬರೆದಿಟ್ಟಿದ್ದಾನೆ. ಅದು ಇದೇ ನಾಟಕವೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ. ಆಗ ರಾಣಿ ಎಲಿಜಬೆತ್‌ಗೆ 66 ವರ್ಷ, ಮಕ್ಕಳಿಲ್ಲ, ಉತ್ತರಾಧಿಕಾರಿಯ ಹೆಸರನ್ನು ಅವಳು ಹೇಳಿರಲಿಲ್ಲ. ಅರಸೊತ್ತಿಗೆಯ ಮುಂದೇನು ಎಂಬ ಅಂಜಿಕೆಯಿದ್ದ ಊರಿನಲ್ಲಿ ಕುಳಿತು ಅರಸನಾಗಬಹುದಾದವನ ಕೊಲೆಯನ್ನು ನೋಡಿದ ಜನರಿಗೆ ಇದು ಹಳೆಯ ಕಥೆಯಾಗಿ ಕಂಡಿರಲಾರದು.

ಬ್ರೂಟಸನನ್ನು ಸಂಚಿಗೆ ಎಳೆದವನು ಕ್ಯಾಸಿಯಸ್. ಅವನು ಬಳಸಿದ ಸಾಧನ ಬ್ರೂಟಸನ ಮನೆತನದ ಹೆಸರು. ಕ್ರಿ.ಪೂ. 509ರಲ್ಲಿ ರೋಮಿನ ಕೊನೆಯ ಅರಸ ಟಾರ್ಕ್ವಿನನನ್ನು ಓಡಿಸಿ ಗಣರಾಜ್ಯ ಕಟ್ಟಿದನೆಂದು ಹೇಳಲಾಗುವ ಲೂಸಿಯಸ್ ಜೂನಿಯಸ್ ಬ್ರೂಟಸ್, ಅರಸೊತ್ತಿಗೆಯನ್ನು ಮರಳಿ ತರಲು ಸಂಚು ಹೂಡಿದ ತನ್ನ ಸ್ವಂತ ಮಕ್ಕಳಿಗೇ ಮರಣದಂಡನೆ ವಿಧಿಸಿದನೆಂಬ ಕಥೆ ಆ ವಂಶದ್ದು. ಬೇರೆಬೇರೆ ಕೈಬರಹದಲ್ಲಿ ಬರೆಸಿದ ಕಾಗದಗಳನ್ನು ಕ್ಯಾಸಿಯಸ್ ಬ್ರೂಟಸನ ಕಿಟಕಿಯೊಳಗೆ ಎಸೆಸುತ್ತಾನೆ: ಬ್ರೂಟಸ್, ನಿದ್ರಿಸುತ್ತಿದ್ದೀಯೆ, ಎದ್ದೇಳು. ರೋಮಿನ ಜನವೇ ತನ್ನನ್ನು ಕರೆಯುತ್ತಿದೆ ಎಂದು ಬ್ರೂಟಸ್ ನಂಬುತ್ತಾನೆ. ಅರ್ಧಕ್ಕೇ ನಿಂತ ಆ ಸಾಲುಗಳನ್ನು ಅವನು ತಾನೇ ಪೂರ್ತಿ ಮಾಡಿಕೊಂಡು ಓದುವುದು ಈ ದೃಶ್ಯದ ಅತಿ ಸೂಕ್ಷ್ಮವಾದ ಜಾಗ. ಬರೆದವರು ಬಿಟ್ಟ ಖಾಲಿಯನ್ನು ಅವನ ಮನಸ್ಸೇ ತುಂಬುತ್ತದೆ, ಆಮೇಲೆ ಅದನ್ನೇ ಅವನು ರೋಮಿನ ಧ್ವನಿಯೆಂದು ತಿಳಿಯುತ್ತಾನೆ.

ತಾಳಮದ್ದಳೆಯಲ್ಲಿ ಕರ್ಣನ ಅರ್ಥಕ್ಕೆ, ಎಂದರೆ ಕರ್ಣನಾಗಿ ಮಾತಾಡುವುದಕ್ಕೆ, ಸಾಗರದ ಕಡೆ ಹೆಸರಾದ ಹಿರಿಯ ಅರ್ಥಧಾರಿಯೊಬ್ಬರಿಗೆ ಈ ಕಥೆಯನ್ನು ಒಮ್ಮೆ ಹೇಳಿದ್ದೆ. ಸುಗ್ಗಿಯ ಕಾಲ, ಅವರು ಜಗಲಿಯಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತು ಹಸಿ ಅಡಿಕೆ ಸುಲಿಯುತ್ತಲೇ ಕೇಳುತ್ತಿದ್ದರು. ಸಂಚು, ಕಾಗದ, ಪೂರ್ವಜನ ಕೀರ್ತಿ, ಗಣರಾಜ್ಯದ ಧರ್ಮಸೂಕ್ಷ್ಮ ಎಲ್ಲವನ್ನೂ ವಿವರಿಸಿ ಮುಗಿಸಿದ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ: “ಅಲ್ಲ ಮಾರಾಯ, ಅವನು ಆ ಸೀಸರನ ಮನೇಲಿ ಉಂಡಿದ್ನಾ?”

ಉಂಡಿದ್ದ. ಕೊಲೆಯ ದಿನ ಬೆಳಿಗ್ಗೆಯೇ ಆ ಮನೆಯ ಸತ್ಕಾರ ಪಡೆದಿದ್ದ. ಹೆಂಡತಿ ಕಾಲ್ಪರ್ನಿಯಾ ಕಂಡ ಕೆಟ್ಟ ಕನಸಿನಿಂದ ಹೊರಗೆ ಹೊರಡಲು ಅನುಮಾನಿಸುತ್ತಿದ್ದ ಸೀಸರನನ್ನು ಸಂಚುಕೋರರಲ್ಲೊಬ್ಬನಾದ ಡೀಷಿಯಸ್ ಪುಸಲಾಯಿಸಿ ಒಪ್ಪಿಸುತ್ತಾನೆ. ಅಷ್ಟರಲ್ಲಿ ಸಂಚುಕೋರರೆಲ್ಲ ಅವನನ್ನು ಕರೆದೊಯ್ಯಲು ಮನೆಗೇ ಬರುತ್ತಾರೆ. ಗಂಟೆ ಎಷ್ಟಾಯಿತೆಂದು ಸೀಸರ್ ಕೇಳುತ್ತಾನೆ. ಎಂಟು ಹೊಡೆಯಿತು ಎಂದು ಹೇಳುವವನು ಬ್ರೂಟಸ್. ಬನ್ನಿ ಗೆಳೆಯರೆ, ಒಳಗೆ ಬಂದು ನನ್ನೊಡನೆ ಒಂದಿಷ್ಟು ದ್ರಾಕ್ಷಾರಸ ಸವಿಯಿರಿ, ಆಮೇಲೆ ಸ್ನೇಹಿತರಂತೆ ಒಟ್ಟಿಗೇ ಹೋಗೋಣ ಎಂದು ಸೀಸರ್ ಎಲ್ಲರನ್ನೂ ಒಳಕ್ಕೆ ಕರೆಯುತ್ತಾನೆ. ಆಗ ಬ್ರೂಟಸ್ ತನ್ನಷ್ಟಕ್ಕೆ ಅಂದುಕೊಳ್ಳುತ್ತಾನೆ: ‘ಅಂತೆ’ ಎಂದದ್ದೆಲ್ಲ ಅದೇ ಆಗಿರುವುದಿಲ್ಲ, ಓ ಸೀಸರ್, ಅದನ್ನು ನೆನೆದರೆ ಬ್ರೂಟಸನ ಎದೆ ನೋಯುತ್ತದೆ. ಎರಡೇ ಸಾಲು. ಇಡೀ ನಾಟಕದಲ್ಲಿ ಕೊಲೆಗೆ ಮೊದಲು ಅವನಿಗೆ ನಿಜವಾಗಿ ಚುಚ್ಚಿದ್ದು ಇಲ್ಲಿ. ಚುಚ್ಚಿದ ಮೇಲೂ ಅವನು ಒಳಗೆ ಹೋಗುತ್ತಾನೆ.

ಇಷ್ಟನ್ನು ಹೇಳಿದಾಗ ಅವರು, “ಹಾಗಿದ್ರೆ ಅವನಿಗೆ ಗೆಲುವಿಲ್ಲ ಬಿಡು” ಎಂದರು. ದೇವರು ಶಿಕ್ಷಿಸುತ್ತಾನೆಂಬ ಅರ್ಥ ಅದರಲ್ಲಿ ಇರಲಿಲ್ಲ. ಉಂಡ ಮನೆಯ ವಿರುದ್ಧ ನಿಲ್ಲಲೇಬೇಕಾದ ಸಂದರ್ಭ ಬರಬಹುದು, ಪುರಾಣಗಳ ತುಂಬ ಅಂಥವರಿದ್ದಾರೆ. ಆದರೆ ನಿಂತವನು ಆ ಅನ್ನಕ್ಕೆ ಏನು ಕೊಡುತ್ತೇನೆಂದು ಹೇಳಬೇಕು, ಹೇಳದವನ ಮಾತು ಸಭೆಯಲ್ಲಿ ನಿಲ್ಲುವುದಿಲ್ಲ ಎಂದು ಅವರು ವಿವರಿಸಿದರು. ಅರ್ಧ ಶತಮಾನ ಕರ್ಣನಾಗಿ ಮಾತಾಡಿದವರ ಅಳತೆಗೋಲು ಅದು.

ಕುಮಾರವ್ಯಾಸನ ಉದ್ಯೋಗಪರ್ವದ ಆ ಸನ್ನಿವೇಶ ಕನ್ನಡ ಓದಿದವರಿಗೆಲ್ಲ ಗೊತ್ತಿರುವುದೇ. ಸಂಧಾನ ಮುರಿದುಬಿದ್ದ ಮೇಲೆ ಕೃಷ್ಣ ಕರ್ಣನನ್ನು ಮೈದುನತನದ ಸರಸದಿಂದ ರಥಕ್ಕೆ ಎಳೆದು ಕೂರಿಸಿಕೊಂಡು ಹುಟ್ಟಿನ ಗುಟ್ಟನ್ನು ಹೇಳುತ್ತಾನೆ. ರಾಜ್ಯ ನಿನ್ನದು, ಪಾಂಡವರೂ ಕೌರವರೂ ನಿನ್ನನ್ನು ಓಲೈಸುತ್ತಾರೆ ಎಂದು ಆಸೆ ತೋರಿಸುತ್ತಾನೆ. ‘ಕೊರಳ ಸೆರೆ ಹಿಗ್ಗಿದವು’ ಎಂದು ಕವಿ ಹೇಳುವುದು ಆಗ. ಕರ್ಣನಿಗೆ ಮೊದಲು ಹೊಳೆಯುವುದು ರಾಜ್ಯವಲ್ಲ, ತಾಯಿಯೂ ಅಲ್ಲ. ಕುರುಪತಿಗೆ ಕೇಡಾಯಿತಲ್ಲ ಎಂಬ ಸಂಕಟ. ತಮ್ಮಂದಿರೆಂದು ತಿಳಿದ ಮೇಲೆ ಅವರನ್ನು ಕೊಲ್ಲಲು ಕೈ ಏಳದು, ಕೈ ಏಳದಿದ್ದರೆ ನಂಬಿದ ದೊರೆ ಉಳಿಯುವುದಿಲ್ಲ. ಆದ್ದರಿಂದಲೇ ಅವನು ಕೃಷ್ಣನಿಗೆ, ಕೌರವೇಂದ್ರನನ್ನು ಕೊಂದವನು ನೀನು ಎನ್ನುತ್ತಾನೆ. ಎರಡೂ ಕಡೆಯ ಎಳೆತ ಮೈಗೆ ತಟ್ಟುವುದೆಂದರೆ ಇದು. ಕೊನೆಗೆ ಅವನು ಹೇಳುವುದು: ‘ಮಾರಿಗೌತಣವಾಯ್ತು ನಾಳಿನ ಭಾರತವು’, ಆ ಯುದ್ಧದಲ್ಲಿ ‘ಪತಿಯವಸರಕೆ ಶರೀರವನು ನೂಕುವೆನು’, ಆದರೆ ‘ನಿನ್ನಯ ವೀರರೈವರ ನೋಯಿಸೆನು’. ದೊರೆಗೆ ದೇಹ, ತಮ್ಮಂದಿರಿಗೆ ಅಭಯ. ಒಂದು ಪದ್ಯದಲ್ಲಿ ಎರಡು ಸಾಲಕ್ಕೂ ಬರೆದುಕೊಟ್ಟ ಪತ್ರ.

ಇದರಲ್ಲಿಯೂ ದೋಷವಿಲ್ಲವೆಂದಲ್ಲ. ನೋಯಿಸದ ಬಾಣಗಳನ್ನು ಬಿಡುತ್ತ ಸೇನಾಪತಿಯಾಗಿ ನಿಂತವನು ದುರ್ಯೋಧನನಿಗೆ ಮೋಸ ಮಾಡಲಿಲ್ಲವೇ, ಹುಟ್ಟಿನ ಗುಟ್ಟನ್ನು ಗೆಳೆಯನಿಂದ ಮುಚ್ಚಿಟ್ಟವನು ಉಪ್ಪಿನ ಋಣ ತೀರಿಸಿದನೆಂದು ಹೇಗೆ ಹೇಳುವುದು ಎಂದು ಎದುರು ಕುಳಿತ ಅರ್ಥಧಾರಿ ಕೇಳಿದಾಗ ಒಳ್ಳೆಯ ಕರ್ಣ ತಡವರಿಸಿದ್ದನ್ನು ನಾನು ಕೇಳಿದ್ದೇನೆ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ್ಯ, ಮದ್ದಳೆಯ ನುಡಿ, ಆಮೇಲೆ ಮಾತಿಗೆ ಮಾತು. ಇಂದು ಕರ್ಣನಾದವರು ಮುಂದಿನ ವಾರ ಇನ್ನೊಂದು ಮನೆಯ ಜಗಲಿಯಲ್ಲಿ ಕೃಷ್ಣನಾಗಿ ಅದೇ ಕರ್ಣನನ್ನು ಒಡೆಯಬೇಕು. ಹಾಗಾಗಿ ಯಾವ ಅರ್ಥಧಾರಿಗೂ ತನ್ನ ಪಾತ್ರ ಪೂರ್ತಿ ಶುದ್ಧವೆಂಬ ಭ್ರಮೆ ಉಳಿಯುವುದಿಲ್ಲ. ಬ್ರೂಟಸನಿಗೆ ಇದ್ದದ್ದು ಆ ಭ್ರಮೆಯೇ. ಅವನ ಎದುರು ಕುಳಿತು ಸೀಸರನ ಪಕ್ಷದ ಅರ್ಥ ಹೇಳುವವರು ಆ ತೋಟದಲ್ಲಿ ಯಾರೂ ಇರಲಿಲ್ಲ.

ಸಂಚುಕೋರರು ತೋಟಕ್ಕೆ ಬಂದ ಮೇಲೆ ಬ್ರೂಟಸ್ ತೆಗೆದುಕೊಳ್ಳುವ ತೀರ್ಮಾನಗಳನ್ನು ಈ ಬೆಳಕಿನಲ್ಲಿ ನೋಡಬೇಕು. ಆಣೆ ಮಾಡೋಣ ಎಂದು ಕ್ಯಾಸಿಯಸ್ ಅಂದರೆ, ನಮ್ಮ ಉದ್ದೇಶವೇ ಸಾಕು, ಆಣೆ ಬೇಡ ಎನ್ನುತ್ತಾನೆ. ಸೀಸರನ ಆಪ್ತ ಮಾರ್ಕ್ ಆಂಟನಿಯನ್ನೂ ಮುಗಿಸಿಬಿಡೋಣ ಎಂದರೆ, ಹಾಗೆ ಮಾಡಿದರೆ ನಮ್ಮ ದಾರಿ ತೀರ ರಕ್ತಮಯವಾಗಿ ಕಾಣುತ್ತದೆ ಎಂದು ತಡೆಯುತ್ತಾನೆ. ನಾವು ಬಲಿಕೊಡುವವರಾಗೋಣ, ಕಟುಕರಾಗುವುದು ಬೇಡ. ದೇವರಿಗೆ ಒಪ್ಪುವ ನೈವೇದ್ಯದಂತೆ ಅವನನ್ನು ಕೊಯ್ಯೋಣ, ನಾಯಿಗಳಿಗೆ ಎಸೆಯುವ ಹೆಣದಂತೆ ಕಡಿಯುವುದು ಬೇಡ ಎಂದು ಉಪದೇಶಿಸುತ್ತಾನೆ. ಕ್ಯಾಸಿಯಸನ ಲೆಕ್ಕಾಚಾರ ಕ್ರೂರವಾದದ್ದು, ಆದರೆ ತಾನು ಮಾಡಹೊರಟಿರುವುದು ಕೊಲೆಯೆಂಬುದು ಅವನಿಗೆ ಗೊತ್ತು. ಬ್ರೂಟಸನಿಗೆ ಕೊಲೆ ಬೇಕು, ಕೊಲೆಗಾರನ ಹೆಸರು ಬೇಡ. ಇಷ್ಟಾಗಿ ಸೀಸರ್ ಬಿದ್ದ ಮೇಲೆ, ಬಾಗಿರಿ ರೋಮನ್ನರೆ, ಮೊಣಕೈವರೆಗೆ ಅವನ ರಕ್ತದಲ್ಲಿ ಕೈ ಮೀಯಿಸೋಣ ಎಂದು ಕರೆ ಕೊಡುವವನೂ ಇದೇ ಬ್ರೂಟಸ್. ಆ ಕೆಂಪು ಕೈಗಳನ್ನು ಎತ್ತಿಹಿಡಿದು ಮಾರುಕಟ್ಟೆಯ ಬಯಲಿಗೆ ಹೋಗಿ ಶಾಂತಿ, ಸ್ವಾತಂತ್ರ್ಯ ಎಂದು ಕೂಗೋಣ ಎನ್ನುತ್ತಾನೆ. ನೈವೇದ್ಯದ ಮಾತಿಗೂ ಈ ಕೈಗಳಿಗೂ ನಡುವೆ ಎಷ್ಟು ದೂರವಿದೆಯೆಂದು ಅವನಿಗೆ ಕಾಣಿಸುವುದೇ ಇಲ್ಲ.

ಸ್ವಂತದ ಹಗೆಯಿಲ್ಲ ಎಂಬುದನ್ನು ಬ್ರೂಟಸ್ ತನ್ನ ಶುದ್ಧಿಗೆ ಸಾಕ್ಷಿಯಾಗಿ ಹೇಳುತ್ತಾನೆ, ನಾವೂ ಅದನ್ನು ಹಾಗೆಯೇ ಓದಿ ತಲೆದೂಗುತ್ತೇವೆ. ನನಗೆ ಅದು ಅವನ ವಾದದ ಅತ್ಯಂತ ದುರ್ಬಲ ಜಾಗವಾಗಿ ಕಾಣುತ್ತದೆ, ಮತ್ತು ಹಾಗೆ ಕಾಣಲು ಕಾರಣ ನಮ್ಮದೇ ಜಿಲ್ಲೆಯ ಚರಿತ್ರೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಒಡೆಯರ ಎದುರು ನಿಂತಾಗ ತಕರಾರಿನ ನಡುವೆ ಇದ್ದದ್ದು ಒಂದು ಕೊಳಗ, ಗೇಣಿಯ ಭತ್ತ ಅಳೆಯುವ ಪಾತ್ರೆ. ಅಳತೆ ಹೆಚ್ಚಿನದಾದರೆ ಉತ್ತವನ ಮನೆಗೆ ಉಳಿಯುವುದು ಕಡಿಮೆ. ಆ ಕಾಲದ ಮಲೆನಾಡಿನಲ್ಲಿ ಒಡೆಯನಿಗೂ ಗೇಣಿದಾರನಿಗೂ ಇದ್ದ ನಂಟು ಭತ್ತದ ಲೆಕ್ಕದಲ್ಲಿ ಮುಗಿಯುತ್ತಿರಲಿಲ್ಲ. ಮಗಳ ಮದುವೆಗೆ ಸಾಲ, ಹಬ್ಬಕ್ಕೆ ಊಟ, ಕಷ್ಟಕ್ಕೆ ಒಂದು ಮಾತು, ಎಲ್ಲವೂ ಆ ಮನೆಯಿಂದಲೇ ಬರಬೇಕಿತ್ತು. ಅಂಥ ಮನೆಯ ವಿರುದ್ಧ ಗದ್ದೆಗೆ ಇಳಿದವರ ಎದೆ ಎರಡಾಗದೆ ಇದ್ದೀತೇ? ಆದರೆ ಅವರು ನಾಳೆ ಆಗಬಹುದಾದ ಅನ್ಯಾಯವನ್ನು ಊಹಿಸಿಕೊಂಡು ಎದ್ದವರಲ್ಲ. ಅನ್ಯಾಯ ಆಗಿತ್ತು, ಪ್ರತಿ ಸುಗ್ಗಿಯಲ್ಲೂ ಅವರ ಕಣ್ಣೆದುರು ಅಳೆದು ಸುರಿಯಲಾಗಿತ್ತು. ಅವರಿಗೆ ಸ್ವಂತದ ಕಾರಣವಿತ್ತು, ಮತ್ತು ಆ ಕಾರಣವೇ ಅವರ ಹೋರಾಟಕ್ಕೆ ಒಂದು ಅಳತೆಯನ್ನೂ ಕೊಟ್ಟಿತು: ಕೊಳಗ ಸರಿಯಾಗಬೇಕು, ಉಳುವವನಿಗೆ ನೆಲದ ಮೇಲೆ ಹಕ್ಕಿರಬೇಕು. ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೆ ಒಳಗಾದದ್ದು ಆ ಅಳತೆಯ ನ್ಯಾಯಕ್ಕಾಗಿ. ಬ್ರೂಟಸನ ರೋಮಿಗೆ ಇಂಥ ಅಳತೆಯೇ ಇಲ್ಲ. ಸೀಸರ್ ಸತ್ತ ಮೇಲೆ ಯಾರು ಆಳಬೇಕು, ಸೈನ್ಯ ಯಾರ ಕೈಯಲ್ಲಿರಬೇಕು, ಜನರಿಗೆ ಏನು ಸಿಗಬೇಕು ಎಂಬ ಬಗ್ಗೆ ಅವನ ಬಾಯಲ್ಲಿ ಒಂದು ಮಾತೂ ಬರುವುದಿಲ್ಲ.

ಅದರ ಫಲ ಮೂರನೆಯ ಅಂಕದ ಭಾಷಣದಲ್ಲಿಯೇ ಸಿಗುತ್ತದೆ. ಆಂಟನಿಯ ಭಾಷಣವನ್ನು ಎಲ್ಲರೂ ಹೊಗಳುತ್ತಾರೆ. ಅದರ ಕುಶಲತೆಯ ಬಗ್ಗೆ ನಾನು ಸೇರಿಸುವುದೇನೂ ಇಲ್ಲ. ಬ್ರೂಟಸನ ಭಾಷಣ ನನ್ನನ್ನು ಹೆಚ್ಚು ಕಾಡುತ್ತದೆ. ಅದು ಗದ್ಯದಲ್ಲಿದೆ, ತಕ್ಕಡಿಯಲ್ಲಿ ತೂಗಿದಂತಹ ವಾಕ್ಯಗಳಲ್ಲಿದೆ. ಸೀಸರನ ಮೇಲೆ ನನಗೆ ಪ್ರೀತಿ ಕಡಿಮೆಯಿತ್ತೆಂದಲ್ಲ, ರೋಮಿನ ಮೇಲೆ ಹೆಚ್ಚಿತ್ತು. ಅವನು ನನ್ನನ್ನು ಪ್ರೀತಿಸಿದ್ದರಿಂದ ಅಳುತ್ತೇನೆ, ಮಹತ್ವಾಕಾಂಕ್ಷಿಯಾಗಿದ್ದರಿಂದ ಕೊಂದೆ. ಪ್ರೀತಿಗೆ ಕಣ್ಣೀರು, ಮಹತ್ವಾಕಾಂಕ್ಷೆಗೆ ಸಾವು, ಲೆಕ್ಕ ಚುಕ್ತಾ ಎಂಬ ಧಾಟಿ ಅದರದು. ಕೇಳಿದ ಜನರಿಗೆ ಸಂತೋಷವೋ ಸಂತೋಷ. ಒಬ್ಬ ಕೂಗುತ್ತಾನೆ, ಇವನೇ ಸೀಸರ್ ಆಗಲಿ. ಒಬ್ಬನೇ ಆಳಬಾರದೆಂದು ಗೆಳೆಯನನ್ನು ಕೊಂದವನಿಗೆ, ನೀನೇ ಒಬ್ಬನಾಗಿ ಆಳು ಎಂಬ ಬಹುಮಾನ! ತನ್ನ ಮಾತು ಯಾರಿಗೂ ತಲುಪಲಿಲ್ಲವೆಂದು ಅರಿಯಲು ಅವನಿಗೆ ಇದ್ದ ಅವಕಾಶ ಅದೊಂದೇ. ಅವನು ಕೇಳಿಸಿಕೊಳ್ಳುವುದಿಲ್ಲ. ಆಂಟನಿಯ ಮಾತನ್ನು ಕೇಳಿ ಎಂದು ಜನರಿಗೆ ಹೇಳಿ, ಕ್ಯಾಸಿಯಸ್ ಮೊದಲೇ ಬೇಡವೆಂದಿದ್ದರೂ, ವೇದಿಕೆಯನ್ನು ಆಂಟನಿಗೆ ಬಿಟ್ಟು ಹೊರಟುಹೋಗುತ್ತಾನೆ. ಸ್ವಲ್ಪ ಹೊತ್ತಿಗೆ ಊರು ಹೊತ್ತಿಕೊಳ್ಳುತ್ತದೆ. ಸಂಚುಕೋರನೊಬ್ಬನ ಹೆಸರೇ ತನಗೂ ಇದ್ದ ತಪ್ಪಿಗೆ ಸಿನ್ನಾ ಎಂಬ ಕವಿ ಜನರ ಕೈಗೆ ಸಿಕ್ಕಿಬೀಳುತ್ತಾನೆ.

ನಾಲ್ಕನೆಯ ಅಂಕದ ಜಗಳ ದುಡ್ಡಿನದು. ಲಂಚ ತಿಂದವನನ್ನು ಕ್ಯಾಸಿಯಸ್ ವಹಿಸಿಕೊಂಡನೆಂದು ಬ್ರೂಟಸ್ ಸಿಡಿಯುತ್ತಾನೆ; ಅದೇ ಉಸಿರಿನಲ್ಲಿ, ಸೈನಿಕರ ಸಂಬಳಕ್ಕೆ ನಾನು ಹಣ ಕೇಳಿ ಕಳಿಸಿದಾಗ ನೀನು ಕೊಡಲಿಲ್ಲ ಎಂದೂ ದೂರುತ್ತಾನೆ. ನೀಚ ದಾರಿಯಿಂದ, ರೈತರ ಒರಟು ಕೈಗಳಿಂದ ಹಣ ಹಿಂಡಿ ತರಲು ತನ್ನಿಂದಾಗದು ಎನ್ನುತ್ತಾನೆ. ಆದರೆ ಕ್ಯಾಸಿಯಸ್ ಹಿಂಡಿ ತಂದದ್ದರಲ್ಲಿ ಪಾಲು ಬೇಕು. ತೋಟದಲ್ಲಿ ಆಡಿದ ನೈವೇದ್ಯದ ಮಾತಿನ ತರ್ಕವೇ ಇಲ್ಲಿ ಚಿನ್ನದ ವಿಷಯದಲ್ಲಿ ಮರಳುತ್ತದೆ. ಇಷ್ಟಾದರೂ ಈ ದೃಶ್ಯದಲ್ಲಿ ಅವನನ್ನು ಪ್ರೀತಿಸದೆ ಇರಲು ನನ್ನಿಂದಾಗುವುದಿಲ್ಲ. ಜಗಳ ತಣ್ಣಗಾದ ಮೇಲೆ ಪೋರ್ಷಿಯಾ ಕೆಂಡ ನುಂಗಿ ಸತ್ತ ಸುದ್ದಿಯನ್ನು ಒಂದೇ ವಾಕ್ಯದಲ್ಲಿ ಹೇಳುತ್ತಾನೆ. ರಾತ್ರಿ ವಾದ್ಯ ನುಡಿಸುತ್ತ ತೂಕಡಿಸಿದ ಲೂಸಿಯಸನನ್ನು ಎಬ್ಬಿಸುವುದಿಲ್ಲ. ನಿದ್ದೆಯಲ್ಲಿ ಬಗ್ಗಿದರೆ ಮುರಿದೀತೆಂದು ವಾದ್ಯವನ್ನು ಹುಡುಗನ ಕೈಯಿಂದ ಮೆಲ್ಲಗೆ ಬಿಡಿಸಿ ಇಡುತ್ತಾನೆ. ಆಳುಹುಡುಗನ ನಿದ್ದೆಯನ್ನು ಇಷ್ಟು ಜೋಪಾನ ಮಾಡುವವನು ಕೆಟ್ಟವನಲ್ಲ. ಹತ್ತಿರದಲ್ಲಿರುವ ಒಂದು ಜೀವಕ್ಕೆ ಏನು ಸಲ್ಲಬೇಕೆಂದು ಅವನಿಗೆ ಚೆನ್ನಾಗಿ ಗೊತ್ತು. ಸೀಸರನ ವಿಷಯದಲ್ಲಿ ಅದನ್ನು ಅವನು ಮರೆತದ್ದಲ್ಲ, ತರ್ಕ ಕಟ್ಟಿ ಬದಿಗೆ ಸರಿಸಿದ್ದು.

ಕ್ರಿ.ಪೂ. 42ರಲ್ಲಿ ಫಿಲಿಪ್ಪಿಯಲ್ಲಿ, ಆಂಟನಿ ಮತ್ತು ಸೀಸರನ ವಾರಸುದಾರ ಆಕ್ಟೇವಿಯಸರ ಸೈನ್ಯದ ಎದುರು, ಎಲ್ಲ ಮುಗಿಯುತ್ತದೆ. ಅಲ್ಲಿಗೆ ದಂಡೆತ್ತಿ ಹೋಗಬೇಕೆಂದದ್ದೂ ಬ್ರೂಟಸನೇ, ಕ್ಯಾಸಿಯಸನ ಸಲಹೆಯನ್ನು ಮತ್ತೊಮ್ಮೆ ತಳ್ಳಿಹಾಕಿ. ಸೋತ ಬ್ರೂಟಸ್ ಕತ್ತಿ ಹಿಡಿದುಕೊಳ್ಳಲು ಒಬ್ಬೊಬ್ಬರನ್ನೇ ಕೇಳುತ್ತಾನೆ. ಕ್ಲೈಟಸ್ ಒಲ್ಲೆನೆಂದ, ಡಾರ್ಡೇನಿಯಸ್ ಒಲ್ಲೆನೆಂದ, ಜೊತೆಗೆ ಶಾಲೆ ಕಲಿತ ವೊಲಮ್ನಿಯಸನೂ ಇದು ಗೆಳೆಯ ಮಾಡುವ ಕೆಲಸವಲ್ಲ ಎಂದ. ಗೆಳೆಯ ಮಾಡುವ ಕೆಲಸ ಯಾವುದಲ್ಲವೆಂದು ಬ್ರೂಟಸನಿಗೆ ಇನ್ನೊಬ್ಬರು ಹೇಳಬೇಕಾಯಿತು. ಕೊನೆಗೆ ಸ್ಟ್ರೇಟೋ ಮುಖ ತಿರುಗಿಸಿಕೊಂಡು ಕತ್ತಿ ಹಿಡಿಯುತ್ತಾನೆ. ಆಗ ಬ್ರೂಟಸ್ ಆಡುವ ಕಡೆಯ ಮಾತು: ಸೀಸರ್, ಇನ್ನು ಶಾಂತನಾಗು, ಈಗಿನ ಈ ಮನಸ್ಸಿನ ಅರ್ಧದಷ್ಟು ಮನಸ್ಸಿನಿಂದಲೂ ನಾನು ನಿನ್ನನ್ನು ಕೊಂದಿರಲಿಲ್ಲ. ರೋಮಿನ ಹೆಸರು ಅದರಲ್ಲಿಲ್ಲ. ಉಂಡ ಮನೆಗೆ ಏನು ಕೊಡುತ್ತೀಯೆಂಬ ಪ್ರಶ್ನೆಗೆ ಉತ್ತರ ಬಂತು, ಕೇಳಬೇಕಾದವರು ಯಾರೂ ಇಲ್ಲದ ಹೊತ್ತಿನಲ್ಲಿ.

ಉಳಿದವರೆಲ್ಲ ಅಸೂಯೆಯಿಂದ ಕೊಂದರು, ಇವನೊಬ್ಬನೇ ಎಲ್ಲರ ಒಳಿತನ್ನು ಬಯಸಿದ, ರೋಮನ್ನರಲ್ಲೆಲ್ಲ ಉದಾತ್ತನಾದವನು ಇವನು ಎಂದು ಆಂಟನಿ ಹೆಣದ ಮುಂದೆ ಹೇಳುವುದನ್ನು ಎಲ್ಲರೂ ಉದ್ಧರಿಸುತ್ತಾರೆ. ಅದಕ್ಕೆ ಸ್ವಲ್ಪ ಮೊದಲು ನಡೆಯುವ ಚಿಕ್ಕ ವ್ಯವಹಾರವನ್ನು ಯಾರೂ ಹೇಳುವುದಿಲ್ಲ. ಬ್ರೂಟಸನ ಸೇವೆಯಲ್ಲಿದ್ದವರನ್ನೆಲ್ಲ ನಾನು ಇಟ್ಟುಕೊಳ್ಳುತ್ತೇನೆ ಎಂದು ಗೆದ್ದ ಆಕ್ಟೇವಿಯಸ್ ಘೋಷಿಸುತ್ತಾನೆ. ಕತ್ತಿ ಹಿಡಿದಿದ್ದ ಸ್ಟ್ರೇಟೋನನ್ನು, ಬರುತ್ತೀಯಾ ಎಂದು ಕೇಳುತ್ತಾನೆ. ಬ್ರೂಟಸನ ಕಡೆಯವನಾಗಿದ್ದ ಮೆಸಾಲಾ ಶಿಫಾರಸು ಮಾಡಿದರೆ ಬರುತ್ತೇನೆ ಎನ್ನುತ್ತಾನೆ ಸ್ಟ್ರೇಟೋ. ಮೆಸಾಲಾ ಶಿಫಾರಸು ಮಾಡುತ್ತಾನೆ. ನನ್ನ ಒಡೆಯನಿಗೆ ಕೊನೆಯ ಸೇವೆ ಮಾಡಿದವನು ಇವನು, ಕರೆದುಕೋ ಎನ್ನುತ್ತಾನೆ. ಆ ಆಕ್ಟೇವಿಯಸನಿಗೇ ಕ್ರಿ.ಪೂ. 27ರಲ್ಲಿ ಆಗಸ್ಟಸ್ ಎಂಬ ಬಿರುದು ಬಂತು, ರೋಮಿಗೆ ಚಕ್ರವರ್ತಿ ಬಂದ.